ಯಾವ ಸಾಲಿ ಛಲೋ?

ನಮ್ಮ ಕಡೆ ಇಬ್ಬರು ಹೆಣ್ಣುಮಕ್ಕಳು ಹಿಟ್ಟಿನ ಗಿರಣಿಯ ಮುಂದೋ ಬಸ್ ನಿಲ್ದಾಣದಲ್ಲೋ ಭೇಟಿಯಾದರೆ ಮೊದಲು ಮಳೆಯ ಮಾತು, ಆಮೇಲೆ ತೊಗರಿಯ ಧಾರಣೆ, ಆಮೇಲೆ ಅತ್ತೆಯ ಮೊಣಕಾಲು ಬ್ಯಾನಿ. ಇವೆಲ್ಲ ಮುಗಿದ ಮೇಲೆ ಒಬ್ಬಾಕೆ ಕೇಳಿಯೇ ಕೇಳುತ್ತಾಳೆ: "ಹುಡುಗರಿಗಿ ಯಾವ ಸಾಲಿಗಿ ಹಾಕೀರಿ? ಅದು ಛಲೋ ಅದ ಏನು?"

ಈಗ ಈ ಪ್ರಶ್ನೆ ಕೇಳಿದೊಡನೆ ಖಾಸಗಿ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಈ ಪ್ರಶ್ನೆ ವ್ಯಾನಿಗಿಂತ ಬಹಳ ಹಳೆಯದು. ಊರಲ್ಲಿ ಇದ್ದ ಶಾಲೆಗಳೆಲ್ಲ ಸರಕಾರದವೇ ಆಗಿದ್ದಾಗಲೂ ಜನ ಒಂದನ್ನು ಇನ್ನೊಂದರೊಡನೆ ತೂಗಿ ನೋಡುತ್ತಿದ್ದರು. ಕನ್ನಡ ಶಾಲೆಯೋ ಉರ್ದು ಶಾಲೆಯೋ, ಈ ಊರದೋ ಆ ಊರದೋ, ಗಡಿಯ ಈಚೆಯದೋ ಆಚೆಯದೋ ಎಂದು. ಹಾಗೆ ತೂಗುವಾಗ ತಕ್ಕಡಿಯಲ್ಲಿ ಏನು ಇಟ್ಟರು, ಏನು ಬಿಟ್ಟರು ಎಂಬುದನ್ನು ನೋಡುತ್ತ ಹೋದರೆ ನಮ್ಮ ಸೀಮೆಯ ಹೆಣ್ಣುಮಕ್ಕಳ ಓದಿನ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನೇ ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ತಾಯಿಯ ತವರು ಆಳಂದ ತಾಲ್ಲೂಕಿನ ಭೂಸನೂರ. ಇವತ್ತು ಆ ಊರ ಹೆಸರು ಹೇಳಿದರೆ ಸಕ್ಕರೆ ಕಾರ್ಖಾನೆಯ ಊರೇ ಎನ್ನುತ್ತಾರೆ. ನನ್ನ ಮುತ್ಯಾನ ಕಾಲಕ್ಕೆ ಅದು ಜೋಳ, ತೊಗರಿಯ ಊರು. ಆಳಂದ ತಾಲ್ಲೂಕಿನ ನೆರೆಗೆ ಒಂದು ಕಡೆ ಅಕ್ಕಲಕೋಟೆ, ಇನ್ನೊಂದು ಕಡೆ ಉಮರ್ಗಾ. ಅದಕ್ಕೇ ನಮ್ಮವರ ಬಾಯಲ್ಲಿ ಮೂರು ಭಾಷೆ ಒಟ್ಟಿಗೇ ಆಡುತ್ತವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎನ್ನುವುದು ಮುತ್ಯಾನ ತಲೆಮಾರಿನವರ ದಿನಚರಿ.

ಆಗ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪಾರ್ಸಿಯ ಜಾಗಕ್ಕೆ ಉರ್ದು ಬಂದು ಆಡಳಿತ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲೇ ಕೊಡಲು ತೊಡಗಿತು. ಇಂಗ್ಲಿಷನ್ನು ಬಿಟ್ಟು ದೇಶದ ಒಂದು ಭಾಷೆಯಲ್ಲಿ ವೈದ್ಯಕೀಯ, ವಿಜ್ಞಾನಗಳನ್ನು ಕಲಿಸುವ ಆ ಸಾಹಸ ದೊಡ್ಡದೇ. ಆದರೆ ಕನ್ನಡ, ತೆಲುಗು, ಮರಾಠಿ ಮಾತಾಡುವ ಬಹುಪಾಲು ಪ್ರಜೆಗಳಿಗೆ ಉರ್ದು ಮನೆಯ ಮಾತಾಗಿರಲಿಲ್ಲ. ಪ್ರಾಥಮಿಕ ಶಾಲೆಗೆ ತಹತಾನಿಯಾ, ಮಾಧ್ಯಮಿಕಕ್ಕೆ ವಸ್ತಾನಿಯಾ, ಪ್ರೌಢಶಾಲೆಗೆ ಫೌಖಾನಿಯಾ ಎಂದು ಹೆಸರು. ಮೊದಲ ಮೆಟ್ಟಿಲಲ್ಲಿ ಮಾತೃಭಾಷೆಗೆ ಒಂದಿಷ್ಟು ಜಾಗವಿತ್ತು. ಮೆಟ್ಟಿಲು ಏರಿದಷ್ಟೂ ಉರ್ದು.

ಅದರ ಪಕ್ಕಕ್ಕೇ ಇನ್ನೊಂದು ಬಗೆಯ ಶಾಲೆಯಿತ್ತು. ಮಠದ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ನಡೆಯುವ ಐಗಳ ಸಾಲಿ. ಉಸುಕಿನಲ್ಲಿ ಬೆರಳಿಟ್ಟು ತಿದ್ದುವುದು, ಮಗ್ಗಿ ಬಾಯಿಪಾಠ, ಲೆಕ್ಕ, ನಾಲ್ಕು ವಚನ. ಸಂಬಳವೆಂದರೆ ಸುಗ್ಗಿಯಲ್ಲಿ ಮನೆಗಿಷ್ಟು ಜೋಳ. ಸಂಸ್ಥಾನದ ಸರಕಾರ 1920ರ ದಶಕದಲ್ಲಿ ಖಾಸಗಿ ಶಾಲೆಗಳಿಗೆ ಪರವಾನಿಗೆ ಬೇಕೆಂದು ನಿಯಮ ಬಿಗಿ ಮಾಡಿದಾಗ ಇಂಥ ಎಷ್ಟೋ ಸಾಲಿಗಳು ಮುಚ್ಚಿಹೋದವು.

ಮುತ್ಯಾ ಎರಡನ್ನೂ ಕಂಡವರು. ಐಗಳಲ್ಲಿ ಎರಡು ವರ್ಷ, ತಹತಾನಿಯಾದಲ್ಲಿ ನಾಲ್ಕನೇ ಜಮಾತಿನವರೆಗೆ. "ಐಗಳ ಸಾಲ್ಯಾಗ ಕಲಿತದ್ದು ಹೊಟ್ಟಿಯೊಳಗ ಉಳೀತು, ಸರಕಾರಿ ಸಾಲ್ಯಾಗ ಕಲಿತದ್ದು ಹೊಟ್ಟಿ ತುಂಬಿಸ್ತು" ಎಂದು ಅವರು ಅನ್ನುತ್ತಿದ್ದರು. ಉರ್ದು ಬಲ್ಲವನಿಗೇ ತಹಸೀಲಿನಲ್ಲಿ ಕೆಲಸ; ಉರ್ದು ಬಲ್ಲವನಿಗೇ ಹೊಲದ ಕಾಗದ ಅರ್ಥವಾಗುವುದು. ಹಾಗಾಗಿ ಯಾವ ಸಾಲಿ ಛಲೋ ಎಂಬ ಪ್ರಶ್ನೆಗೆ ಅವರ ಕಾಲದ ಉತ್ತರ ಸರಳವಾಗಿತ್ತು. ಯಾವುದು ಕಚೇರಿಯ ಬಾಗಿಲು ತೆಗೆಸುತ್ತದೋ ಅದು ಛಲೋ.

ಆ ಬಾಗಿಲು ಗಂಡುಮಕ್ಕಳದು. ನನ್ನ ಆಯಿ ಯಾವ ಸಾಲಿಯ ಹೊಸ್ತಿಲನ್ನೂ ತುಳಿಯಲಿಲ್ಲ. ಕಚೇರಿಗೆ ಹೋಗಬೇಕಾಗಿಲ್ಲದವಳಿಗೆ ಕಚೇರಿಯ ಭಾಷೆ ಯಾಕೆ ಎಂಬುದು ಅಂದಿನ ತರ್ಕ. ಹೆಣ್ಣುಮಕ್ಕಳ ಶಾಲೆ ಎಂಬುದು ದೊಡ್ಡ ಊರಿನ ಸಂಗತಿ. ಗುಲಬರ್ಗಾದಲ್ಲಿ 1907ರಲ್ಲಿ ನೂತನ ವಿದ್ಯಾಲಯ ಶುರುವಾಗಿತ್ತು. 1930ರ ದಶಕದಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಮಹಾದೇವಿ ಕನ್ಯಾ ವಿದ್ಯಾಲಯವನ್ನು ತೆರೆದರು. ಗುಲಬರ್ಗಾದ ಹುಡುಗಿಯರಿಗೆ ಅದು ದೊಡ್ಡ ಬೆಳಕು. ಚಕ್ಕಡಿ ಹೂಡಿ ಗುಲಬರ್ಗಾ ಮುಟ್ಟಬೇಕಾದ ಹಳ್ಳಿಯವರಿಗೆ ಅದು ಕೇಳುವ ಸುದ್ದಿ ಮಾತ್ರ.

ಗಡಿಯ ಆಚೆ ಕತೆ ಬೇರೆ. ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಗಿರಣಿಗಳ ಊರು. ಅಲ್ಲಿ ಕನ್ನಡ ಮನೆಮಾತಿನವರು ಸಾವಿರಾರು ಜನ. ಅದೇ ಊರಲ್ಲಿ 1912ರಲ್ಲಿ ಹುಟ್ಟಿದ ಜಯದೇವಿ ತಾಯಿ ಲಿಗಾಡೆಯವರು ಮರಾಠಿಯ ನಡುವೆ ಬೆಳೆದು ಕನ್ನಡವನ್ನು ಕಷ್ಟಪಟ್ಟು ಕಲಿತು ಕವಯಿತ್ರಿಯಾದರು. ಅಲ್ಲಿ ಕನ್ನಡ ಉಳಿಯಲೆಂದು ದುಡಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು ಅವರೇ. ನಮ್ಮ ಸೀಮೆಯ ಅನುಕೂಲಸ್ಥರು ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಿದ್ದರೆ ಹುಡುಗನನ್ನು ಅಲ್ಲಿಗೇ ಕಳಿಸುತ್ತಿದ್ದರು. ಒಂದೇ ಮನೆಯ ಅಣ್ಣ ಉರ್ದುವಿನಲ್ಲಿ, ತಮ್ಮ ಮರಾಠಿಯಲ್ಲಿ ಓದಿ, ಕೊನೆಗೆ ಒಬ್ಬರಿಗೊಬ್ಬರು ಬರೆಯುವ ಕಾಗದಕ್ಕೆ ಯಾವ ಅಕ್ಷರ ಎಂದು ತಿಣುಕಿದ ಮನೆಗಳನ್ನು ನಾನು ಬಲ್ಲೆ.

ರಜಾಕಾರರ ಹಾವಳಿಯಲ್ಲಿ ಎಷ್ಟೋ ಕುಟುಂಬಗಳು ಗಡಿ ದಾಟಿದವು. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ಕ್ಕೆ ಗುಲಬರ್ಗಾ, ಬೀದರ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಈ ಎಂಟು ವರ್ಷಗಳ ನಡುವೆ ಶಾಲೆಗಳಲ್ಲಿ ನಡೆದ ಬದಲಾವಣೆಯನ್ನು ಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ: ಬೋಧನೆ ಕನ್ನಡಕ್ಕೆ ಬಂತು. ಆದರೆ ಬಂದದ್ದು ಹೇಗೆ? ಕನ್ನಡದಲ್ಲಿ ಪಾಠ ಹೇಳಬಲ್ಲ ಮಾಸ್ತರರು ಸಾಕಷ್ಟು ಇರಲಿಲ್ಲ. ವಿಜಾಪುರ, ಧಾರವಾಡದ ಕಡೆಯವರು ಬಂದರು. ಅವರ ಕನ್ನಡ ಕೇಳಿ ಹುಡುಗರು ನಕ್ಕರು, ಹುಡುಗರ ಕನ್ನಡ ಕೇಳಿ ಅವರು ತಿದ್ದಿದರು. ಉರ್ದು ಓದಿ ಮಾಸ್ತರರಾದವರು ತಮ್ಮ ಶಿಷ್ಯರ ಜೊತೆಗೇ ಕನ್ನಡ ಕಾಗುಣಿತ ತಿದ್ದಿದರು. ನಲವತ್ತು ದಾಟಿದ ಮೇಲೆ ಹೊಸ ಲಿಪಿ ಕಲಿತು ಅದರಲ್ಲೇ ಮಕ್ಕಳಿಗೆ ಕಲಿಸುವುದು ಹಗುರ ಕೆಲಸವಲ್ಲ.

ಒಂದು ಶಬ್ದದ ಮಾತು ಹೇಳುತ್ತೇನೆ. ಮುಂಬಯಿ ಕರ್ನಾಟಕದವರಿಗೆ 'ಮುಲ್ಕಿ' ಎಂದರೆ ಏಳನೆಯ ಇಯತ್ತೆಯ ಪರೀಕ್ಷೆ. ಮುಲ್ಕಿ ಪಾಸಾದವನು ಮಾಸ್ತರನಾಗಬಹುದಿತ್ತು. ಹೈದರಾಬಾದಿನವರಾದ ನಮಗೆ 'ಮುಲ್ಕಿ' ಎಂದರೆ ಈ ಮುಲಕಿನವನು, ಸರಕಾರಿ ನೌಕರಿಗೆ ಹಕ್ಕುಳ್ಳ ಸ್ಥಳೀಯ. ಹೊರಗಿನಿಂದ ಬಂದವನು ಗೈರಮುಲ್ಕಿ. ವಿಜಾಪುರದ ಮಾಸ್ತರರು "ನಾನು ಮುಲ್ಕಿ ಆಗೇದ" ಎಂದಾಗ ನಮ್ಮ ಮುತ್ಯಾ "ನೀವು ಹ್ಯಾಂಗ ಮುಲ್ಕಿ ಆಗ್ತೀರಿ?" ಎಂದು ಕೇಳಿದರಂತೆ. ಒಂದು ಕಡೆ ಓದಿನ ಗುರುತು, ಇನ್ನೊಂದು ಕಡೆ ನೆಲದ ಗುರುತು. ಈ ಎರಡರ ಜಗಳ ನಮ್ಮ ಭಾಗದಲ್ಲಿ ಇನ್ನೂ ತೀರಿಲ್ಲ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿ ಬಂದು ಓದಿಗೂ ನೌಕರಿಗೂ ಸ್ಥಳೀಯರಿಗೆ ಮೀಸಲು ದೊರೆತದ್ದು ಆ ಹಳೆಯ ಮಾತಿನ ಮುಂದುವರಿಕೆಯೇ.

ಇನ್ನು ನನ್ನ ಕಾಲ. ನಾನು ಓದಿದ್ದು ಭೂಸನೂರದಲ್ಲಲ್ಲ, ಅದೇ ತಾಲ್ಲೂಕಿನ ಇನ್ನೊಂದು ಹಳ್ಳಿಯಲ್ಲಿ. ಅದರ ಹೆಸರು ಬೇಡ. 1960ರ ದಶಕದ ಕೊನೆಯ ಮಾತು. ಅಲ್ಲಿ ಒಂದೇ ಗೋಡೆಗೆ ಬೆನ್ನು ಹಚ್ಚಿದ ಎರಡು ಸರಕಾರಿ ಶಾಲೆಗಳಿದ್ದವು. ಗೋಡೆಯ ಈ ಕಡೆ ಕನ್ನಡ, ಆ ಕಡೆ ಉರ್ದು. ಎರಡನ್ನೂ ಹೋಲಿಸಿದರೆ ಯಾರಾದರೂ ಕನ್ನಡ ಶಾಲೆಯೇ ಮೇಲು ಎನ್ನುತ್ತಿದ್ದರು. ನಮಗೆ ಐದು ಖೋಲಿ, ಏಳು ವರ್ಗ, ನಾಲ್ವರು ಮಾಸ್ತರರು, ಒಂದು ಗಂಟೆ. ಅವರಿಗೆ ಒಂದು ಖೋಲಿ, ಒಂದು ಬೇವಿನ ಗಿಡ, ಒಬ್ಬರು ಬಾಯಿಯವರು.

ಆದರೆ ಆ 'ಒಬ್ಬರು ಬಾಯಿಯವರು' ಎಂಬುದೇ ದೊಡ್ಡ ಮಾತಾಗಿತ್ತು. ಗುಲಬರ್ಗಾದಿಂದ ಬಂದ ಆ ತಾಯಿ ಊರಲ್ಲೇ ಖೋಲಿ ಹಿಡಿದಿದ್ದರು. ಮುಂಜಾನೆ ಮನೆಮನೆಯ ಬಾಗಿಲಲ್ಲಿ ನಿಂತು ಹುಡುಗಿಯರನ್ನು ಕರೆದುಕೊಂಡು ಹೋಗುತ್ತಿದ್ದರು. ಗೋಡೆಯ ಆ ಕಡೆ ಹುಡುಗಿಯರೇ ಹೆಚ್ಚು. ನಮ್ಮ ಕಡೆ ನಾಲ್ವರೂ ಗಂಡಸರು, ನಾಲ್ವರೂ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವರು. ಬಸ್ಸು ಬರದ ದಿನ ಹಿರಿಯ ಹುಡುಗನೊಬ್ಬ ಮಗ್ಗಿ ಹೇಳಿಸುತ್ತಿದ್ದ. ಶಾಲೆಯಲ್ಲಿ ಕಟ್ಟಿಸಿದ ಪಾಯಿಖಾನೆ ಎಂಬುದೇ ಇರಲಿಲ್ಲ. ಸ್ವಲ್ಪ ದೊಡ್ಡವಳಾದ ಹುಡುಗಿ ಹೊತ್ತೇರುವ ಮುಂಚೆ ನೀರು ಕುಡಿಯುವುದನ್ನೇ ಬಿಟ್ಟು ಸಾಲಿಗೆ ಬರುತ್ತಿದ್ದಳು. ಆಮೇಲೆ ಒಂದು ದಿನ ಬರುವುದನ್ನೇ ಬಿಡುತ್ತಿದ್ದಳು.

ಹಾಗಾದರೆ ಉರ್ದು ಶಾಲೆಯೇ ಛಲೋ ಅನ್ನೋಣವೆಂದರೆ ಅದಕ್ಕೂ ಒಂದು ಕೊನೆಯಿತ್ತು. ಅದು ನಾಲ್ಕನೇ ವರ್ಗಕ್ಕೆ ಮುಗಿಯುತ್ತಿತ್ತು. ಮುಂದೆ ಉರ್ದು ಬೇಕೆಂದರೆ ಆಳಂದಕ್ಕೆ ಹೋಗಬೇಕು; ಗೋಡೆ ದಾಟಿ ನಮ್ಮ ಕನ್ನಡ ಶಾಲೆಗೆ ಬರೋಣವೆಂದರೆ ಭಾಷೆ ಬೇರೆ, ಮಾಸ್ತರರು ಗಂಡಸರು. ನನ್ನ ಓಣಿಯ ಗೆಳತಿ ನನಗಿಂತ ಜಾಣೆ, ನನಗಿಂತ ಚಂದದ ಅಕ್ಷರದವಳು. ಅವಳು ನಾಲ್ಕಕ್ಕೆ ನಿಂತಳು. ನಮ್ಮ ಕಡೆ ಏಳನೆಯವರೆಗೆ ಉಳಿದ ಹುಡುಗಿಯರು ನಾಲ್ವರು. ಎಂಟನೆಯ ವರ್ಗ ಬೇರೆ ಊರಲ್ಲಿ, ನಡೆದು ಹೋಗಬೇಕು, ನಡುವೆ ಹಳ್ಳ. ನಾಲ್ವರಲ್ಲಿ ಮುಂದೆ ಹೋದವಳು ನಾನೊಬ್ಬಳೇ. ನಾನು ಜಾಣೆ ಎಂದಲ್ಲ, ಪ್ರೌಢಶಾಲೆ ಇದ್ದ ಊರಲ್ಲಿ ನನ್ನ ಸೋದರತ್ತೆಯ ಮನೆ ಇತ್ತು ಎಂದು.

ಎರಡು ಶಾಲೆಗಳಲ್ಲಿ ಒಂದು ನಾಲ್ಕಕ್ಕೆ ಕೈಬಿಟ್ಟಿತು, ಇನ್ನೊಂದು ಏಳಕ್ಕೆ. ಯಾವುದು ಛಲೋ ಎಂದು ನಮ್ಮ ಹಿರಿಯರು ಕಟ್ಟೆಯ ಮೇಲೆ ವಾದ ಮಾಡಿದರು. ಖೋಲಿ ಎಣಿಸಿದರು, ಮಾಸ್ತರರ ಡಿಗ್ರಿ ಎಣಿಸಿದರು. ಎಷ್ಟು ಹುಡುಗಿಯರು ಮುಂದಿನ ವರ್ಗಕ್ಕೆ ದಾಟಿದರು ಎಂದು ಎಣಿಸಿದವರನ್ನು ನಾನು ನೋಡಲಿಲ್ಲ.

ಮುಂದೆ ನಾನೇ ಅಕ್ಕೋರು ಆದೆ. 1980ರ ದಶಕದಲ್ಲಿ ನನ್ನ ಮೊದಲ ನೇಮಕ ಒಂದು ತಾಂಡಾದ ಶಾಲೆಗೆ. ಒಂದು ಖೋಲಿ, ನಾಲ್ಕು ವರ್ಗ, ನಾನೊಬ್ಬಳು. ಪುಸ್ತಕದಲ್ಲಿ 'ತಾಯಿ' ಎಂದಿತ್ತು, ಮಕ್ಕಳಿಗೆ ಗೊತ್ತಿದ್ದದ್ದು 'ಯಾಡಿ'. ಮೂರು ತಿಂಗಳು ನಾನು ಅವರಿಂದ ಕಲಿತೆ, ಆಮೇಲೆ ಅವರಿಗೆ ಕಲಿಸಿದೆ. ದೀಪಾವಳಿ ಮುಗಿಯುತ್ತಲೇ ಅರ್ಧ ತಾಂಡಾ ಕಬ್ಬು ಕಡಿಯಲು, ಇಲ್ಲವೆ ಪುಣೆ ಮುಂಬಯಿಯ ಕಟ್ಟಡದ ಕೆಲಸಕ್ಕೆ ಹೊರಟುಬಿಡುತ್ತಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತಿತ್ತು, ಮಗು ಇರುತ್ತಿರಲಿಲ್ಲ. ಉಳಿಯುತ್ತಿದ್ದವರು ಅಜ್ಜಿಯ ಬಳಿ ಬಿಟ್ಟುಹೋದ ಹುಡುಗಿಯರು, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬರುವವರು. ತಮ್ಮ ಬೇಡ ಎಂದರೆ ಅಕ್ಕನೂ ಬರುತ್ತಿರಲಿಲ್ಲ. ಊರ ಶಾಲೆಗೂ ತಾಂಡಾದ ಶಾಲೆಗೂ ನಡುವೆ ಎರಡು ಮೈಲು. ತನಿಖೆಗೆ ಬಂದವರು ಎರಡೂ ಶಾಲೆಗಳನ್ನು ಒಂದೇ ನಮೂನೆಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು.

ಗಡಿಯ ಹಳ್ಳಿಗಳಲ್ಲಿ ಇನ್ನೊಂದು ವಿಚಿತ್ರ. ಈಚೆಯ ಆಳಂದ ತಾಲ್ಲೂಕಿನಲ್ಲಿ ಕರ್ನಾಟಕ ಸರಕಾರದ ಮರಾಠಿ ಶಾಲೆಗಳಿವೆ. ಆಚೆಯ ಅಕ್ಕಲಕೋಟೆಯಲ್ಲಿ ಮಹಾರಾಷ್ಟ್ರ ಸರಕಾರದ ಕನ್ನಡ ಶಾಲೆಗಳಿವೆ. ಮಹಾಜನ ಆಯೋಗ 1967ರ ವರದಿಯಲ್ಲಿ ಅಕ್ಕಲಕೋಟೆ ಈಚೆಗೆ ಬರಲೆಂದು ಹೇಳಿತು, ಅದು ಬರಲಿಲ್ಲ. ಅಲ್ಲಿಯ ಕನ್ನಡದ ಮಗು ಓದುವ ಕನ್ನಡ ಪುಸ್ತಕ ಪುಣೆಯ ಬಾಲಭಾರತಿಯದು. ಈಚೆಯ ಮಗುವಿನದು ಬೆಂಗಳೂರಿನದು. ಮನೆಮಾತು ಒಂದೇ, ನಂಟಸ್ತಿಕೆಯೂ ಒಂದೇ, ಪುಸ್ತಕ ಎರಡು. ಆಚೆಯ ಹುಡುಗಿಯನ್ನು ಈಚೆಗೆ ಮದುವೆ ಮಾಡಿಕೊಟ್ಟರೆ ಅವಳ ಸರ್ಟಿಫಿಕೇಟು ಇಲ್ಲಿಯ ಕಚೇರಿಯಲ್ಲಿ ಹತ್ತು ಪ್ರಶ್ನೆ ಎದುರಿಸುತ್ತದೆ. ಗಂಡನಿಗೆ ಈ ಕಷ್ಟವಿಲ್ಲ, ಏಕೆಂದರೆ ಮದುವೆಯಾಗಿ ಗಡಿ ದಾಟುವವಳು ಹೆಣ್ಣು.

ಅಂಕಿಗಳನ್ನೂ ನೋಡೋಣ. 1991ರ ಜನಗಣತಿಯಲ್ಲಿ, ಯಾದಗಿರಿ ಇನ್ನೂ ಕೂಡಿದ್ದ ಗುಲಬರ್ಗಾ ಜಿಲ್ಲೆಯಲ್ಲಿ, ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಸುಮಾರು 24 ಮಾತ್ರ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಗುಲಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಹೊತ್ತಿಗೆ ಜಿಲ್ಲೆಯ ಹೆಂಗಸರ ಸಾಕ್ಷರತೆ ನೂರಕ್ಕೆ 55 ಮುಟ್ಟಿತು. ಇಪ್ಪತ್ತು ವರ್ಷದಲ್ಲಿ ಇಷ್ಟು ಏರಿದ್ದು ಸಣ್ಣದಲ್ಲ.

ಏರಿಸಿದ್ದು ಏನು ಎಂದು ನನ್ನನ್ನು ಕೇಳಿದರೆ ದೊಡ್ಡ ತತ್ವಗಳನ್ನು ಹೇಳಲಾರೆ. 1987ರ ಸುಮಾರಿಗೆ ಬಂದ 'ಕಪ್ಪುಹಲಗೆ' ಯೋಜನೆ ಪ್ರತಿ ಶಾಲೆಗೆ ಎರಡು ಖೋಲಿ, ಇಬ್ಬರು ಶಿಕ್ಷಕರು, ಆದಷ್ಟೂ ಅವರಲ್ಲಿ ಒಬ್ಬರು ಹೆಂಗಸು ಎಂದಿತು. ಆ ಕೊನೆಯ ಮಾತಿನಿಂದ ಎಷ್ಟು ಮನೆಗಳ ಬಾಗಿಲು ತೆರೆದವೋ! 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮದೂ ಸೇರಿದ ಏಳು ಹಿಂದುಳಿದ ಜಿಲ್ಲೆಗಳಲ್ಲಿ. ಮಧ್ಯಾಹ್ನ ರೊಟ್ಟಿಗೆಂದು ಮನೆಗೆ ಹೋದ ಹುಡುಗಿ ಮರಳಿ ಬರದಿರುವುದು ಅಲ್ಲಿಗೆ ಕಡಿಮೆಯಾಯಿತು. ಅಡುಗೆಗೆ ಬಂದವರು ಊರಿನ ಹೆಂಗಸರೇ, ಹಾಗಾಗಿ ಶಾಲೆಯ ಅಂಗಳದಲ್ಲಿ ಒಬ್ಬಿಬ್ಬರು ತಾಯಂದಿರು ದಿನವೂ ಇರುವಂತಾಯಿತು. 2006ರ ಶೈಕ್ಷಣಿಕ ವರ್ಷದಿಂದ ಎಂಟನೆಯ ವರ್ಗಕ್ಕೆ ಸೈಕಲ್ಲು. ನನ್ನ ಕಾಲದ ಆ ಹಳ್ಳ ಸೈಕಲ್ಲಿಗೆ ಸಣ್ಣದಾಯಿತು.

ಆದರೂ ಕತೆ ಸುಖಾಂತವಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಕ್ಕಳು ಪಾಸಾದರೆ ನಮ್ಮ ಕಲಬುರಗಿಯಲ್ಲಿ 42. ರಾಜ್ಯಕ್ಕೇ ಕೊನೆಯ ಜಾಗ. ಹುಡುಗಿಯರು ಶಾಲೆಯ ತನಕ ಬಂದರು, ಈಗ ಶಾಲೆ ಅವರ ತನಕ ಬರಬೇಕಾಗಿದೆ. ಇಂಥ ಫಲಿತಾಂಶ ಬಂದ ವರ್ಷ ನಮ್ಮವರ ಹೋಲಿಕೆ ಇನ್ನೂ ಜೋರಾಗುತ್ತದೆ. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವರ್ಗ ಶುರುವಾದ ಮೇಲೆ, ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದ ಮೇಲೆ, ಸರಕಾರಿ ಶಾಲೆಗಳ ನಡುವೆಯೇ ಹೊಸ ಮೇಲು ಕೀಳು ಹುಟ್ಟಿದೆ. ದೊಡ್ಡ ಊರಿನ ಶಾಲೆಗೆ ನೂಕುನುಗ್ಗಲು, ಸಣ್ಣ ಊರಿನ ಶಾಲೆಗೆ ಹತ್ತು ಮಕ್ಕಳು. ಮುತ್ಯಾ ಉರ್ದು ಕಲಿತದ್ದು ಕಚೇರಿಯ ಬಾಗಿಲಿಗಾಗಿ. ನಾವು ಇಂಗ್ಲಿಷ್ ಎನ್ನುವುದೂ ಅದೇ ಬಾಗಿಲಿಗಾಗಿ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಸಣ್ಣ ಊರಿನ ಶಾಲೆ ಖಾಲಿಯಾಗಿ ಮುಚ್ಚಿದ ದಿನ ಹುಡುಗ ದೊಡ್ಡ ಊರಿನ ಶಾಲೆಗೆ ಹೋಗುತ್ತಾನೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಈ ಲೆಕ್ಕವನ್ನು ನಾನು ಮೂವತ್ತು ವರ್ಷದ ಹಾಜರಿ ಪುಸ್ತಕಗಳಲ್ಲಿ ಕಂಡಿದ್ದೇನೆ.

ಹಾಗಾದರೆ ಹೋಲಿಸಬಾರದೇ? ಹೋಲಿಸಬೇಕು. ಸಂತೆಯಲ್ಲಿ ಬದನೆಕಾಯಿಯನ್ನೇ ಹತ್ತು ಸಲ ತಿರುವಿ ನೋಡುವ ನಾವು ಮಕ್ಕಳ ಸಾಲಿಯನ್ನು ನೋಡದೆ ಬಿಡುವುದುಂಟೇ? ಆದರೆ ಏನನ್ನು ತಿರುವಿ ನೋಡಬೇಕು ಎಂಬುದು ತಿಳಿದಿರಲಿ. ಈ ಶಾಲೆ ಎಷ್ಟನೆಯ ವರ್ಗಕ್ಕೆ ಮುಗಿಯುತ್ತದೆ, ಮುಂದಿನ ವರ್ಗ ಎಷ್ಟು ದೂರ? ಅಕ್ಕೋರು ಇದ್ದಾರೆಯೇ? ಪಾಯಿಖಾನೆಗೆ ನೀರಿದೆಯೇ, ಅದರ ಕೀಲಿ ಯಾರ ಕೈಯಲ್ಲಿದೆ? ಮಾಸ್ತರರು ವಾರದಲ್ಲಿ ಎಷ್ಟು ದಿನ ಪೂರ್ತಿ ಹೊತ್ತು ಇರುತ್ತಾರೆ? ಐದನೆಯ ವರ್ಗದ ಮಗು ಎರಡನೆಯ ವರ್ಗದ ಪುಸ್ತಕ ತಡವರಿಸದೆ ಓದುತ್ತದೆಯೇ?

ಇದನ್ನು ಕೇಳಲು ನಮಗೆ ಜಾಗವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಅರ್ಧ ಮಂದಿ ಹೆಂಗಸರಿರಬೇಕು. ನಮ್ಮಲ್ಲಿ ಅದನ್ನು ಎಸ್.ಡಿ.ಎಂ.ಸಿ. ಎನ್ನುತ್ತೇವೆ. ಎಷ್ಟೋ ಕಡೆ ಸಭೆಯ ಪುಸ್ತಕ ಮನೆಗೆ ಬರುತ್ತದೆ, ಹೆಂಗಸರು ಒಲೆಯ ಮುಂದೆ ಕೂತೇ ಸಹಿ ಮಾಡುತ್ತಾರೆ.

ನನ್ನ ತಾಯಿಯ ತವರಿನ ಬಳಗದ ಒಬ್ಬಾಕೆ, ನನಗೆ ವರಸೆಯಲ್ಲಿ ವೈನಿಯಾಗಬೇಕು, ಹಾಗೆ ಸಹಿ ಮಾಡಲು ಒಲ್ಲೆ ಎಂದಳಂತೆ. ಸೆರಗು ಹೊದ್ದು ಸಭೆಗೆ ಹೋಗಿ ಕೂತಳು. ಎಲ್ಲರೂ ಕಂಪೌಂಡ್ ಗೋಡೆಯ ಮಾತಾಡಿ ಮುಗಿಸಿದ ಮೇಲೆ ಎದ್ದು ನಿಂತು, "ಹೋದ ವರ್ಷ ಏಳನೇ ಪಾಸಾದ ಹುಡುಗಿಯರು ಎಷ್ಟು ಮಂದಿ ಸರ್? ಈಗ ಅವರು ಎಲ್ಲೆಲ್ಲಿ ಹಾರ?" ಎಂದು ಕೇಳಿದಳು. ಹೆಡ್ ಮಾಸ್ತರರು ಒಳಗೆ ಹೋಗಿ ಪುಸ್ತಕ ತಂದರು. ಹೆಸರು ಒಂದೊಂದೇ ಓದಿದರು. ಪ್ರತಿ ಹೆಸರಿಗೂ ಕೂತವರಲ್ಲಿ ಯಾರಾದರೊಬ್ಬರು, ಎಂಟನೆಯತ್ತಿಗೆ ಹೋಗ್ಯಾಳ, ಮನ್ಯಾಗ ಹಾಳ, ಲಗ್ನಾ ಆಗ್ಯಾದ ಎಂದು ಹೇಳುತ್ತ ಹೋದರು. ಮನೆಯಲ್ಲಿದ್ದವರು ಮೂವರು. ಮರುದಿನ ವೈನಿ ಮತ್ತು ಅಕ್ಕೋರು ಕೂಡಿ ಆ ಮೂರು ಮನೆಗೆ ಹೋದರು. ಒಬ್ಬಳು ಬಂದಳು. ಉಳಿದಿಬ್ಬರ ಮನೆಗೆ ಇನ್ನೊಮ್ಮೆ ಹೋಗುವವಳಿದ್ದೇನೆ ಎಂದು ವೈನಿ ನನಗೆ ಫೋನಿನಲ್ಲಿ ಹೇಳಿದಳು.